ಸೊಂಟದ ಸೂಜಿಗೆ ಒಪ್ಪದ ರೈತ: ಒಂದು ಆಪ್ತಸಲಹೆ ಪ್ರಕರಣ

ಮಂಡ್ಯ ಜಿಲ್ಲೆಯ ಕಬ್ಬು ಬೆಳೆಗಾರ, ಐವತ್ತು ದಾಟಿದವರು. ಗುರುತು ಸಿಗದಂತೆ ವಿವರ ಬದಲಿಸಿದೆ. ಸುಸ್ತು, ಹಲ್ಲುಜ್ಜಿದರೆ ಒಸಡಲ್ಲಿ ರಕ್ತ. ಹಿಮೋಗ್ಲೋಬಿನ್ 6.8, ಬಿಳಿಕಣ 2,100, ಪ್ಲೇಟ್‌ಲೆಟ್ 38,000. ಮೂರೂ ಒಟ್ಟಿಗೆ ಕುಸಿದಿದ್ದರಿಂದ ಮೈಸೂರಿನ ರಕ್ತರೋಗ ತಜ್ಞರು ಮೂಳೆಮಜ್ಜೆ (ಮೂಳೆಯೊಳಗೆ ರಕ್ತಕಣ ತಯಾರಾಗುವ ಭಾಗ) ಪರೀಕ್ಷೆ ಬರೆದರು. ರೋಗಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲಿಲ್ಲ. "ಬೆನ್ನಿಗೆ ಸೂಜಿ ಚುಚ್ಚಿದ್ರೆ ಕಾಲು ಬಿದ್ದೋಯ್ತವೆ" ಎಂದು ಊರಲ್ಲಿ ಯಾರೋ ಹೇಳಿದ್ದರು. ಮಗನ ಬೇಡಿಕೆ ಇನ್ನೊಂದು: "ನೋವೇ ಇಲ್ಲ ಅಂತ ಹೇಳಿ ಒಪ್ಪಿಸಿಬಿಡಿ."

ಆಪ್ತಸಲಹೆಗೆ ಕೂತ ನಾವು ಮಗನ ಮಾತಿಗೆ ಒಪ್ಪಿಗೆ ಕೊಡಲಿಲ್ಲ. ನೋವಿಲ್ಲವೆಂದು ನಂಬಿ ಮಲಗಿದವರು ಮಧ್ಯದಲ್ಲಿ ಜಗ್ಗಿ ಏಳುತ್ತಾರೆ, ಸೂಜಿ ಜಾರುತ್ತದೆ, ಮಾದರಿ ಕೆಡುತ್ತದೆ.

ಮೊದಲು ಜಾಗ. ಪೃಷ್ಠದ ಮೇಲ್ಭಾಗದಲ್ಲಿ ಎರಡೂ ಬದಿ ಸಣ್ಣ ಗುಳಿ ಇರುತ್ತವಲ್ಲ, ಅದರ ಅಡಿಯ ಸೊಂಟದ ಮೂಳೆಗೇ ಸೂಜಿ. ರೋಗಿಯ ಬೆರಳನ್ನೇ ಅಲ್ಲಿಡಿಸಿ ತೋರಿಸಲಾಯಿತು. ಬೆನ್ನುಹುರಿ ದೊಡ್ಡವರಲ್ಲಿ ಅದಕ್ಕಿಂತ ಬಹಳ ಮೇಲೆ, ಸೊಂಟದ ಮೊದಲ ಅಥವಾ ಎರಡನೆಯ ಕಶೇರುವಿನ (ಬೆನ್ನುಮೂಳೆಯ ಮಣಿ) ಹತ್ತಿರವೇ ಮುಗಿಯುತ್ತದೆ. ಅರ್ಧ ಭಯ ಅಲ್ಲೇ ಇಳಿಯಿತು.

ನೋವಿನ ಲೆಕ್ಕವನ್ನು ಇದ್ದ ಹಾಗೇ ಹೇಳಬೇಕಾಯಿತು. ಮರಗಟ್ಟಿಸುವ ಔಷಧಿ ಲಿಗ್ನೋಕೇನ್ ಚರ್ಮಕ್ಕೆ ಹೋಗುವಾಗ ಉರಿ. ಅದೇ ಔಷಧಿಯನ್ನು ಮೂಳೆಯ ಮೇಲ್ಪದರಕ್ಕೂ ಧಾರಾಳವಾಗಿ ಬಿಟ್ಟು ಕೆಲವು ನಿಮಿಷ ಕಾಯಬೇಕು. ಗಡಿಬಿಡಿಯಲ್ಲಿ ಈ ಕಾಯುವಿಕೆ ಬಿಟ್ಟರೆ ನೋವು ಹೆಚ್ಚು, ಹಾಗಾಗಿ "ಇನ್ನೂ ಚುರುಕ್ ಅಂತಿದೆ" ಎಂದು ಹೇಳುವ ಹಕ್ಕು ರೋಗಿಗಿದೆ. ಸಿರಿಂಜಿನಿಂದ ಮಜ್ಜೆ ಎಳೆಯುವ ಕ್ಷಣ ಮಾತ್ರ ಬೇರೆ. ಮೂಳೆಯೊಳಗೆ ಮರಗಟ್ಟಿಸಲು ಆಗುವುದಿಲ್ಲ. ಕಾಲಿನವರೆಗೂ ಜಗ್ಗಿದ ಹಾಗೆ ಕೆಲವು ಸೆಕೆಂಡ್ ಆಗುತ್ತದೆ. ಎಳೆಯುವ ಮುನ್ನ "ಈಗ" ಎಂದು ಹೇಳಲು ವೈದ್ಯರನ್ನು ಕೇಳಿಕೊಳ್ಳಿ, ಬಾಯಿಂದ ನಿಧಾನ ಉಸಿರು ಬಿಡಿ ಎಂದೆವು.

"ಮಜ್ಜೆ ಹೋದ್ರೆ ಶಕ್ತಿ ಹೋಗ್ತದೆ" ಎಂಬುದು ರೋಗಿಯ ಇನ್ನೊಂದು ಅಂಜಿಕೆ. ಸೂಕ್ಷ್ಮದರ್ಶಕದಲ್ಲಿ ನೋಡುವ ಸ್ಲೈಡಿಗೆ ಮೊದಲು ಎಳೆಯುವುದು ಅರ್ಧ ಎಂ.ಎಲ್. ಒಳಗೆ. ಹೆಚ್ಚು ಎಳೆದರೆ ರಕ್ತ ಬೆರೆತು ಮಾದರಿ ತೆಳುವಾಗುತ್ತದೆ. ಫ್ಲೋ ಸೈಟೋಮೆಟ್ರಿ (ಕಣಗಳ ಬಗೆ ಗುರುತಿಸುವ ಪರೀಕ್ಷೆ), ಕ್ರೋಮೋಸೋಮ್ ಪರೀಕ್ಷೆಗಳಿಗೆ ಆಮೇಲೆ ಬೇರೆ ಟ್ಯೂಬಿಗೆ ಕೆಲವೇ ಎಂ.ಎಲ್. ಅದನ್ನು ದೇಹ ತುಂಬಿಕೊಳ್ಳುತ್ತದೆ. ಬಯಾಪ್ಸಿಗೆ, ಅಂದರೆ ತುಂಡು ತೆಗೆದು ನೋಡುವುದಕ್ಕೆ, ಜಮ್‌ಶೀದಿ ಎಂಬ ಟೊಳ್ಳು ಸೂಜಿಯಿಂದ ಸುಮಾರು 2 ಸೆಂ.ಮೀ. ಎಳೆಯಷ್ಟು ಮೂಳೆ. ಮಜ್ಜೆ ನಾರುಗಟ್ಟಿದ್ದರೆ ಅಥವಾ ಕಣಗಳಿಂದ ಕಿಕ್ಕಿರಿದಿದ್ದರೆ ಎಳೆದರೂ ಏನೂ ಬಾರದು. ಆಗ ಈ ತುಂಡೇ ಗತಿ. ಎರಡನ್ನೂ ಒಂದೇ ಸಲ ಮಾಡುವುದು ಅದಕ್ಕೇ.

ಔಷಧಿ ಚೀಟಿ ಕೇಳಿದಾಗ ಮಗ ಒಂದು ಪೊಟ್ಟಣ ಬಿಚ್ಚಿದರು: ಮಂಡಿನೋವಿಗೆ ಡೈಕ್ಲೋಫೆನಾಕ್, "ಶಕ್ತಿಗೆ" ಎಂದು ಯಾರೋ ಕೊಟ್ಟ ಡೆಕ್ಸಾಮೆಥಸೋನ್ ಎಂಬ ಸ್ಟೆರಾಯ್ಡ್. ಎರಡನೆಯದು ಹೆಚ್ಚು ಕಳವಳದ್ದು. ಪರೀಕ್ಷೆಗೆ ಮುನ್ನ ಸ್ಟೆರಾಯ್ಡ್ ತಿಂದರೆ ಕೆಲವು ಲ್ಯುಕೇಮಿಯಾ, ಲಿಂಫೋಮಾಗಳ (ರಕ್ತದ ಮತ್ತು ದುಗ್ಧಗ್ರಂಥಿಯ ಕ್ಯಾನ್ಸರ್‌ಗಳು) ಚಿತ್ರವೇ ಮಸುಕಾಗಬಹುದು. ಪೊಟ್ಟಣ ಸಮೇತ ಅಂದೇ ತಜ್ಞರಿಗೆ ತೋರಿಸಲು ಕಳಿಸಿದೆವು. ಬಿ12 ಕೊರತೆ ಇದ್ದವರಲ್ಲಿ ಬಿ12 ಸೂಜಿಯೂ ಒಂದೆರಡು ದಿನದಲ್ಲೇ ಮಜ್ಜೆಯ ರೂಪ ಬದಲಿಸುತ್ತದೆ. ಸ್ಟೆಂಟ್ ಇರುವವರು ರಕ್ತ ತೆಳುವಾಗಿಸುವ ಮಾತ್ರೆಯನ್ನು ತಾವೇ ನಿಲ್ಲಿಸುವುದು ಮಾತ್ರ ಅಪಾಯ, ಹೃದ್ರೋಗ ತಜ್ಞರನ್ನು ಕೇಳಬೇಕು.

ಪ್ಲೇಟ್‌ಲೆಟ್ ಕಡಿಮೆ ಎಂಬುದೊಂದೇ ಪರೀಕ್ಷೆಗೆ ಅಡ್ಡಿಯಲ್ಲ. ಜಾಗ ಹೊರಗಿನದು, ಒತ್ತಿ ಹಿಡಿಯಬಹುದು. ಇವರಿಗೆ ಒತ್ತುವಿಕೆ ಹತ್ತು ನಿಮಿಷಕ್ಕೂ ಹೆಚ್ಚು ಬೇಕಾದೀತು, ಆಮೇಲೆ ಬ್ಯಾಂಡೇಜಿನ ಮೇಲೇ ಅಂಗಾತ ಅರ್ಧ ಗಂಟೆ ಮಲಗಬೇಕು ಎಂದು ತಿಳಿಸಲಾಯಿತು. ಪಟ್ಟಿ 24 ಗಂಟೆ ಒದ್ದೆಯಾಗಬಾರದು. ನೋವಿಗೆ ಪ್ಯಾರಾಸಿಟಮಾಲ್ ಮಾತ್ರ. ಮಂಡ್ಯಕ್ಕೆ ಬೈಕಿನಲ್ಲಿ ಕುಲುಕಿಕೊಂಡು ಹೋಗಬೇಡಿ, ರೈಲು ಹತ್ತಿ. ಪಟ್ಟಿ ನೆನೆಯುವಷ್ಟು ರಕ್ತ, ಜ್ವರ, ಹೆಚ್ಚುತ್ತಲೇ ಹೋಗುವ ನೋವು, ಕಾಲಿಗೆ ಜೋಮು ಬಂದರೆ ಬೆಳಗಾಗುವವರೆಗೆ ಕಾಯದೆ ವಾಪಸು ಬನ್ನಿ.

ರೋಗಿ ಸಹಿ ಹಾಕಿದರು. ಕೊನೆಗೆ ಮಗನಿಗೆ ಹೇಳಿದ್ದು: ಸ್ಲೈಡಿನ ವರದಿ ಒಂದೆರಡು ದಿನದಲ್ಲಿ ಬರಬಹುದು. ಮೂಳೆತುಂಡಿನ ಸುಣ್ಣದಂಶ ಕರಗಿಸಿದ ಮೇಲೇ ಕತ್ತರಿಸಲು ಆಗುವುದರಿಂದ ಬಯಾಪ್ಸಿ ತಡ. ಎರಡೂ ಸೇರದೆ ಊರಲ್ಲಿ ಯಾವ ಕಾಯಿಲೆಯ ಹೆಸರನ್ನೂ ಹೇಳಬೇಡಿ, ಅಪ್ಪನಿಗೂ ಸುಳ್ಳು ಹೇಳಬೇಡಿ.