ವಿದ್ಯಾರ್ಥಿ ಪತ್ರಿಕೆ ನಿಜಕ್ಕೂ ಬೆಳೆಸಿದ್ದು ಯಾರನ್ನು?

ಹಾರ್ವರ್ಡ್, ಯೇಲ್‌ನಂಥ ವಿಶ್ವವಿದ್ಯಾಲಯಗಳ ವಿದ್ಯಾರ್ಥಿ ಪತ್ರಿಕೆಯಲ್ಲಿ ಕೆಲಸ ಮಾಡಿ ಮುಂದೆ ಹೆಸರಾದವರು ಯಾರು, ಅವರನ್ನು ಆ ಪತ್ರಿಕೆಯೇ ಬೆಳೆಸಿತಾ ಅಂತ ಕೇಳಿದ್ದೀರಿ. ಹೆಸರು ಹೇಳೋದು ಸುಲಭ. ಬೆಳೆಸಿತಾ ಅನ್ನೋದಕ್ಕೆ ನನ್ನ ಉತ್ತರ: ಕೆಲವರನ್ನು ಮಾತ್ರ. ಇನ್ನು ಕೆಲವರು ಆ ಕಚೇರಿಗೆ ಕಾಲಿಡುವ ಮುಂಚೆಯೇ ಅರ್ಧ ದಾರಿ ಮುಂದಿದ್ದರು.

ಮುಂದೆ ಅಮೆರಿಕದ ಅಧ್ಯಕ್ಷರಾದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರನ್ನೇ ನೋಡಿ. ಹಾರ್ವರ್ಡ್‌ನ 'ಕ್ರಿಮ್ಸನ್' ಪತ್ರಿಕೆ ಶುರುವಾದದ್ದು 1873ರಲ್ಲಿ. 1901ರಲ್ಲಿ ಇವರು ಅಲ್ಲಿ ಹೊಸಬರು. ಅವರ ಸಂಬಂಧಿ ಥಿಯೊಡೋರ್ ರೂಸ್‌ವೆಲ್ಟ್ ಆಗ ದೇಶದ ಉಪಾಧ್ಯಕ್ಷ. ಪ್ರೊಫೆಸರ್ ಲೋವೆಲ್ ಅವರ ತರಗತಿಗೆ ಉಪಾಧ್ಯಕ್ಷರು ಬಂದು ಮಾತಾಡ್ತಾರೆ ಅನ್ನೋ ಸುದ್ದಿ ಹುಡುಗನಿಗೆ ಸಿಕ್ಕಿದ್ದು ಅವರ ಬಾಯಿಂದಲೇ. ಪತ್ರಿಕೆಯಲ್ಲಿ ಅಚ್ಚಾಯಿತು, ಸಭಾಂಗಣದ ಮುಂದೆ ಜನವೋ ಜನ. ಒಳ್ಳೆಯ ಸ್ಕೂಪ್, ನಿಜ. ಆದರೆ ಆ ಮನೆಹೆಸರು ಇಲ್ಲದ ಹುಡುಗನಿಗೆ ಆ ಸುದ್ದಿ ಸಿಗುತ್ತಿತ್ತಾ?

ಹಾಗಂತ ಅವರು ಸುಮ್ನೆ ಹೆಸರಿಗೆ ಇದ್ದವರಲ್ಲ. ಮೂರೇ ವರ್ಷಕ್ಕೆ ಡಿಗ್ರಿ ಮುಗಿದರೂ ಪತ್ರಿಕೆಯ ಮುಖ್ಯಸ್ಥರಾಗೋಕೆ ಇನ್ನೊಂದು ವರ್ಷ ಅಲ್ಲೇ ಉಳಿದರು. ಬರೆದ ಸಂಪಾದಕೀಯಗಳು ಮಾತ್ರ ಮುಂದಿನ ಅಧ್ಯಕ್ಷರ ಸುಳಿವು ಕೊಡೋಲ್ಲ. ಫುಟ್‌ಬಾಲ್ ತಂಡಕ್ಕೆ ಜೋರಾಗಿ ಹುರಿದುಂಬಿಸಿ, ಹಾಸ್ಟೆಲಿನಲ್ಲಿ ಬೆಂಕಿ ಬೀಳದ ಹಾಗೆ ನೋಡಿಕೊಳ್ಳಿ, ಇಂಥವೇ.

ಜಾನ್ ಕೆನಡಿ ಕೂಡ ಕ್ರಿಮ್ಸನ್‌ನಲ್ಲಿದ್ದರು. ಅವರ ಕಥೆಯಲ್ಲಿ ಅದೊಂದು ಅಡಿಟಿಪ್ಪಣಿ ಅಷ್ಟೇ. ಮುಂದೆ ಮೈಕ್ರೋಸಾಫ್ಟ್‌ನ ಸಿಇಒ ಆದ ಸ್ಟೀವ್ ಬಾಲ್ಮರ್ ಅಲ್ಲಿ ನೋಡಿಕೊಂಡದ್ದು ಜಾಹೀರಾತು. ಪತ್ರಿಕೆ ಅಂದರೆ ಬರೆಯೋರು ಮಾತ್ರ ಅಲ್ವಲ್ಲ.

ಕ್ರಿಮ್ಸನ್ ತಾಲೀಮು ಕೊಟ್ಟಿದ್ದು ಅಂತ ನಾನು ಒಪ್ಪೋದು ಡೇವಿಡ್ ಹಾಲ್ಬರ್‌ಸ್ಟಾಮ್ ವಿಷಯದಲ್ಲಿ. ಅಲ್ಲಿ ಮ್ಯಾನೇಜಿಂಗ್ ಎಡಿಟರ್ ಆಗಿದ್ದರು. 1955ರಲ್ಲಿ ಓದು ಮುಗಿಸಿ ದೊಡ್ಡ ಊರಿನ ದೊಡ್ಡ ಪತ್ರಿಕೆ ಹುಡುಕಲಿಲ್ಲ. ಮಿಸಿಸಿಪ್ಪಿಯ ಒಂದು ಪುಟ್ಟ ದಿನಪತ್ರಿಕೆಗೆ ಹೋದರು. ಶಾಲೆಗಳಲ್ಲಿ ಕರಿಯರನ್ನೂ ಬಿಳಿಯರನ್ನೂ ಬೇರೆ ಬೇರೆ ಕೂರಿಸಬಾರದು ಅಂತ ಸುಪ್ರೀಂ ಕೋರ್ಟ್ 1954ರಲ್ಲಷ್ಟೇ ತೀರ್ಪು ಕೊಟ್ಟಿತ್ತು. ಮುಂದಿನ ದೊಡ್ಡ ಸುದ್ದಿ ದಕ್ಷಿಣದಲ್ಲೇ ಅಂತ ಅವರಿಗೆ ಅನ್ನಿಸಿತ್ತು. ಆಮೇಲೆ ನ್ಯೂಯಾರ್ಕ್ ಟೈಮ್ಸ್ ಸೇರಿದರು. ಅಲ್ಲಿಂದ ವಿಯೆಟ್ನಾಂಗೆ ಹೋಗಿ ಮಾಡಿದ ವರದಿಗೆ 1964ರಲ್ಲಿ ಪುಲಿಟ್ಜರ್ ಬಂತು, ಅದು ಅಮೆರಿಕದ ಪತ್ರಿಕೋದ್ಯಮದ ದೊಡ್ಡ ಪ್ರಶಸ್ತಿ.

ಯೇಲ್ ಕಡೆ ಬಂದರೆ ಬ್ರಿಟನ್ ಹ್ಯಾಡನ್ ಮತ್ತು ಹೆನ್ರಿ ಲೂಸ್. ಶಾಲೆಯಿಂದಲೇ ಇಬ್ಬರೂ ಸ್ನೇಹಿತರು, ಹಾಗೇ ಪೈಪೋಟಿಗಾರರು. 'ಯೇಲ್ ಡೈಲಿ ನ್ಯೂಸ್'ನಲ್ಲಿ ಮೇಲಿನ ಕುರ್ಚಿ ಹ್ಯಾಡನ್‌ಗೆ ಹೋಯಿತು, ಲೂಸ್‌ಗೆ ಮ್ಯಾನೇಜಿಂಗ್ ಎಡಿಟರ್ ಸ್ಥಾನ. ಇಬ್ಬರೂ ಸೇರಿ 1923ರ ಮಾರ್ಚ್‌ನಲ್ಲಿ 'ಟೈಮ್' ವಾರಪತ್ರಿಕೆ ಶುರು ಮಾಡಿದಾಗ ವಯಸ್ಸು ಇಪ್ಪತ್ತೈದರ ಆಸುಪಾಸು ಅಷ್ಟೇ. ಹ್ಯಾಡನ್ 1929ರಲ್ಲಿ, 31ನೇ ವಯಸ್ಸಿಗೇ ತೀರಿಕೊಂಡರು. ಇವತ್ತು ಟೈಮ್ ಅಂದರೆ ಲೂಸ್ ಹೆಸರೇ ಎಲ್ಲರ ಬಾಯಲ್ಲಿ. ಆ ಕಾಲೇಜು ಪತ್ರಿಕೆಯಲ್ಲಿ ಮುಂದಿದ್ದವರು ಯಾರು ಅಂತ ನೆನಪಿಡೋರು ಕಡಿಮೆ. ನನಗೆ ಇದು ಯಾವಾಗಲೂ ಸ್ವಲ್ಪ ಅನ್ಯಾಯ ಅನ್ನಿಸುತ್ತೆ.

ಆದರೆ ನಿಮ್ಮ ಪ್ರಶ್ನೆಗೆ 'ಹೌದು, ಪತ್ರಿಕೆಯೇ ಬೆಳೆಸಿತು' ಅಂತ ಒಬ್ಬರನ್ನೇ ತೋರಿಸಿ ಅಂದರೆ ನಾನು ಗ್ಯಾರಿ ಟ್ರೂಡೋ ಅವರನ್ನು ತೋರಿಸ್ತೀನಿ. 1968ರಲ್ಲಿ ಅದೇ ಯೇಲ್ ಪತ್ರಿಕೆಯಲ್ಲಿ 'ಬುಲ್ ಟೇಲ್ಸ್' ಅನ್ನೋ ಕಾಮಿಕ್ ಸ್ಟ್ರಿಪ್ ಬರೆಯೋಕೆ ಶುರು ಮಾಡಿದರು. ಗೇಲಿಯ ಗುರಿ ಮೊದಲಿಗೆ ಕಾಲೇಜಿನ ಫುಟ್‌ಬಾಲ್ ತಂಡ. ಅದರ ಬಿ.ಡಿ. ಅನ್ನೋ ಪಾತ್ರ ಹುಟ್ಟಿದ್ದು ತಂಡದ ಆಗಿನ ಹೀರೋ, ಕ್ವಾರ್ಟರ್‌ಬ್ಯಾಕ್ (ಅಮೆರಿಕನ್ ಫುಟ್‌ಬಾಲ್‌ನಲ್ಲಿ ಆಟ ನಡೆಸುವ ಆಟಗಾರ) ಬ್ರಯನ್ ಡೌಲಿಂಗ್ ಅವರಿಂದ. ಪತ್ರಿಕೆಗಳಿಗೆ ಸ್ಟ್ರಿಪ್ ಮಾರುವ ಹೊಸ ಸಿಂಡಿಕೇಟ್ ಒಂದರ ಕಣ್ಣು ಇದರ ಮೇಲೆ ಬಿತ್ತು. 1970ರ ಅಕ್ಟೋಬರ್‌ನಲ್ಲಿ ಅದು 'ಡೂನ್ಸ್‌ಬರಿ' ಅಂತ ಹೆಸರು ಬದಲಿಸಿಕೊಂಡು ದೇಶದ ಪತ್ರಿಕೆಗಳಿಗೆ ಹೋಯಿತು. ಬಿ.ಡಿ. ಕೂಡ ಜೊತೆಗೇ ಹೋದ. 1975ರಲ್ಲಿ ಪುಲಿಟ್ಜರ್ ಬಂತು. ಅಲ್ಲಿವರೆಗೆ ಯಾವ ಕಾಮಿಕ್ ಸ್ಟ್ರಿಪ್‌ಗೂ ಅದು ಸಿಕ್ಕಿರಲಿಲ್ಲ. ಇಲ್ಲಿ ಕಾಲೇಜು ಪತ್ರಿಕೆ ಬರೀ ತಾಲೀಮಿನ ಜಾಗ ಆಗಿರಲಿಲ್ಲ, ಮುಂದಿನ ಕೆಲಸ ಶುರುವಾದದ್ದೇ ಅಲ್ಲಿ.

ಇನ್ನು ಚಿಕ್ಕದಾಗಿ ಹೇಳಿಬಿಡ್ತೀನಿ. ಕಾರ್ನೆಲ್‌ನ 'ಡೈಲಿ ಸನ್'ಗೆ 'ಷಾರ್ಲಟ್ಸ್ ವೆಬ್' ಬರೆದ ಇ.ಬಿ. ವೈಟ್ ಸಂಪಾದಕರಾಗಿದ್ದರು. ಅದೇ ಪತ್ರಿಕೆಯಲ್ಲಿ ಮುಂದೆ ಕಾದಂಬರಿಕಾರ ಕರ್ಟ್ ವೊನೆಗಟ್ ಇದ್ದರು. ಓದುತ್ತಿದ್ದದ್ದು ರಸಾಯನಶಾಸ್ತ್ರ, ಮನಸ್ಸೆಲ್ಲ ಪತ್ರಿಕೆಯಲ್ಲಿ! ಮಿಶಿಗನ್‌ನ 'ಡೈಲಿ'ಯಲ್ಲಿ ನಾಟಕಕಾರ ಆರ್ಥರ್ ಮಿಲ್ಲರ್ ವರದಿಗಾರರಾಗಿದ್ದರು. ಬಹಳ ವರ್ಷಗಳ ಮೇಲೆ ಅಲ್ಲಿ ಸಂಪಾದಕರಾದ ಟಾಮ್ ಹೇಡನ್ ಪತ್ರಿಕೋದ್ಯಮಕ್ಕಿಂತ ಚಳವಳಿಗೇ ಜಾಸ್ತಿ ಹೆಸರಾದರು. ಅಮೆರಿಕದ ವಿದ್ಯಾರ್ಥಿ ಚಳವಳಿಯ ಪ್ರಣಾಳಿಕೆಯಾದ 1962ರ ಪೋರ್ಟ್ ಹ್ಯೂರನ್ ಹೇಳಿಕೆಯ ಕರಡು ಬರೆದವರು ಅವರೇ.

ಇಷ್ಟು ಹೊತ್ತು ಬರೀ ಗಂಡಸರ ಹೆಸರೇ ಬಂತು ಅಂತ ನೀವು ಗಮನಿಸಿರಬಹುದು. ಯೇಲ್ ಡಿಗ್ರಿ ತರಗತಿಗಳಿಗೆ ಹೆಣ್ಣುಮಕ್ಕಳನ್ನು ಸೇರಿಸಿಕೊಂಡದ್ದೇ 1969ರಲ್ಲಿ, ಹಳೆಯ ಪಟ್ಟಿಯಲ್ಲಿ ಅವರು ಎಲ್ಲಿಂದ ಬರಬೇಕು? ಕ್ರಿಮ್ಸನ್‌ನಿಂದ ಎರಡು ಹೆಸರು ಸೇರಿಸಿಕೊಳ್ಳಿ. ಒಬ್ಬರು ಸೂಸನ್ ಫಲೂಡಿ, ಅಲ್ಲಿ ಮ್ಯಾನೇಜಿಂಗ್ ಎಡಿಟರ್ ಆಗಿದ್ದವರು, 1991ರಲ್ಲಿ ಪುಲಿಟ್ಜರ್ ಪಡೆದರು. ಇನ್ನೊಬ್ಬರು ಲಿಂಡಾ ಗ್ರೀನ್‌ಹೌಸ್. ನ್ಯೂಯಾರ್ಕ್ ಟೈಮ್ಸ್‌ಗೆ ಸುಮಾರು ಮೂವತ್ತು ವರ್ಷ ಸುಪ್ರೀಂ ಕೋರ್ಟ್ ಸುದ್ದಿ ಬರೆದವರು, 1998ರ ಪುಲಿಟ್ಜರ್ ಅವರದು.