ಹೊಟ್ಟೆಯ ಮೇಲಿನ ಚೀಲ ಯಾವಾಗ ತೆಗೆಯುತ್ತಾರೆ?

ಪ್ರಶ್ನೆ: ನಮ್ಮ ಯಜಮಾನರು ಬೈಕಿನಿಂದ ಬಿದ್ದಾಗ ಹ್ಯಾಂಡಲ್ ಹೊಟ್ಟೆಗೆ ಬಡಿಯಿತು. ಹೊರಗೆ ಗಾಯ ಇರಲಿಲ್ಲ, ಮನೆಗೆ ಬಂದುಬಿಟ್ಟರು. ಮಾರನೇ ದಿನ ಹೊಟ್ಟೆ ಉಬ್ಬಿ ಜ್ವರ ಬಂತು. ದಾವಣಗೆರೆಯಲ್ಲಿ ಆಪರೇಷನ್ ಆಗಿ, ಈಗ ಮಲ ಹೊಟ್ಟೆಯ ಮೇಲಿನ ಚೀಲಕ್ಕೆ ಬರುತ್ತಿದೆ. ಪಕ್ಕದ ಬೆಡ್‌ನವರಿಗೂ ಕರುಳು ತೂತಾಗಿತ್ತು. ಅವರಿಗೆ ಹೊಲಿಗೆ ಮಾತ್ರ ಹಾಕಿದರು. ನಮಗೇಕೆ ಹೀಗೆ? ಮಂಡಕ್ಕಿ ಮೆಣಸಿನಕಾಯಿ ಬೇಕು ಅಂತಾರೆ, ಕೊಡಬಹುದಾ?
– ಓದುಗರು, ಜಗಳೂರು

ಉತ್ತರ: ನೋಡಮ್ಮಾ, ಚೀಲ ಹಾಕಿದ್ದಾರೆ ಅಂದರೆ ಆಪರೇಷನ್ ಕೆಟ್ಟಿತು ಅಂತ ಅಲ್ಲ. ಮೊದಲು ಆ ಕೊರಗು ಬಿಡಿ.

ಹ್ಯಾಂಡಲ್ ಒತ್ತಿದಾಗ ಕರುಳು ಬೆನ್ನುಮೂಳೆಗೆ ಸಿಕ್ಕಿ ಹರಿಯುತ್ತದೆ. ಸಣ್ಣ ತೂತಾಗಿದ್ದು ಬೇಗ ಗೊತ್ತಾದರೆ, ಅಂಚು ಸ್ವಚ್ಛ ಮಾಡಿ ಹೊಲಿದರೆ ಸಾಕು. ಪಕ್ಕದ ಬೆಡ್‌ನವರದ್ದು ಹಾಗಿದ್ದಿರಬಹುದು. ಸುತ್ತಳತೆಯ ಅರ್ಧಕ್ಕಿಂತ ಜಾಸ್ತಿ ಹರಿದಿದ್ದರೆ, ಅಥವಾ ರಕ್ತನಾಳ ಕಿತ್ತು ಕರುಳು ಕಪ್ಪಾಗಿದ್ದರೆ ಆ ತುಂಡನ್ನೇ ತೆಗೆದು ಎರಡು ತುದಿ ಸೇರಿಸುತ್ತೇವೆ.

ಆದರೆ ಸೇರಿಸಿದ ಜಾಗ ಹಿಡಿಯಬೇಕಲ್ವಾ? ಒಂದು ದಿನ ಪೂರ್ತಿ ಮಲ ಒಳಗೆ ಸೋರಿ ಕೀವಾಗಿದ್ದರೆ, ಬಿಪಿ ಬಿದ್ದಿದ್ದರೆ, ಹೊಲಿಗೆ ಬಿಟ್ಟುಕೊಳ್ಳುವ ಭಯ ಇರುತ್ತದೆ. ಬಿಟ್ಟರೆ ಜೀವಕ್ಕೇ ಅಪಾಯ. ಅದಕ್ಕೇ ಕರುಳಿನ ತುದಿಯನ್ನು ಹೊರಗೆ ತರುವುದು. ತಡವಾಗಿ ಬಂದವರಿಗೆ ನಾನೂ ಎಷ್ಟೋ ಸಲ ಇದನ್ನೇ ಮಾಡಿದ್ದೇನೆ. ಇನ್ನೂ ಕಷ್ಟದ ಸ್ಥಿತಿ ಇದ್ದರೆ ಸೋರುವುದನ್ನಷ್ಟೇ ನಿಲ್ಲಿಸಿ, ಐಸಿಯುನಲ್ಲಿಟ್ಟು, ಒಂದೆರಡು ದಿನದಲ್ಲಿ ಮತ್ತೆ ಹೊಟ್ಟೆ ತೆರೆಯುತ್ತೇವೆ.

ಇಂಥ ಚೀಲವನ್ನು ಸಾಮಾನ್ಯವಾಗಿ 3 ತಿಂಗಳ ಹೊತ್ತಿಗೆ ತೆಗೆಯಬಹುದು. ಅವರ ಮೈ ತೂಕ, ರಕ್ತ ಸುಧಾರಿಸಿರಬೇಕು. ಕೆಳಗಿನ ಕರುಳಿಗೆ ಬಣ್ಣದ ಔಷಧಿ ಬಿಟ್ಟು ಎಕ್ಸ್‌ರೇ ನೋಡಿ ಆಮೇಲೆ ಜೋಡಿಸುತ್ತಾರೆ. ಅವಸರ ಮಾಡಬೇಡಿ.

ಹೊರಗೆ ತಂದಿದ್ದು ಸಣ್ಣ ಕರುಳಾ, ದೊಡ್ಡ ಕರುಳಾ? ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿರುತ್ತಾರೆ, ಕೇಳಿ ತಿಳಿದುಕೊಳ್ಳಿ. ಸಣ್ಣ ಕರುಳಾದರೆ ನೀರಿನ ಜೊತೆ ಉಪ್ಪೂ ಹೋಗುತ್ತದೆ. ನಮ್ಮ ಕಡೆಯ ಬಿಸಿಲಿಗೆ ಬರೀ ನೀರು ಸಾಲದು, ಓಆರ್‌ಎಸ್ ಕುಡಿಸಿ. ಚೀಲದ ತೂತನ್ನು ಕರುಳಿನ ಬಾಯಿಯ ಅಳತೆಗೇ ಕತ್ತರಿಸಿ. ದೊಡ್ಡದಾದರೆ ಸುತ್ತಲ ಚರ್ಮ ಸುಟ್ಟಹಾಗೆ ಕೆಂಪಾಗುತ್ತದೆ.

ಮೆಣಸಿನಕಾಯಿ ಈಗ ಬೇಡ. ಮೊದಲ ಒಂದೂವರೆ ತಿಂಗಳು ಮೆತ್ತಗಿನ ಅನ್ನ, ಮೊಸರು, ತಿನ್ನುವವರಾದರೆ ಮೊಟ್ಟೆ ಕೊಡಿ. ಕೊಬ್ಬರಿ ಚೂರು, ಶೇಂಗಾ, ಮೆಕ್ಕೆಜೋಳ ಕರುಳಿನ ಬಾಯಿಗೆ ಸಿಕ್ಕಿಕೊಳ್ಳುತ್ತವೆ. ಚೀಲಕ್ಕೆ ಏನೂ ಬಾರದೆ ಹೊಟ್ಟೆ ಉಬ್ಬಿ ವಾಂತಿಯಾದರೆ, ಅಥವಾ ತಲೆ ಸುತ್ತಿ ಮೂತ್ರ ಕಡಿಮೆಯಾದರೆ, ಬೆಳಗಾಗಲಿ ಅಂತ ಕಾಯಬೇಡಿ. ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.