ಎಂಟು ಬೇಡ, ಮೂರು ಸಾಕು

ಜಮಖಂಡಿ ತಾಲ್ಲೂಕಿನ ಓದುಗರೊಬ್ಬರ ಪತ್ರ: "ಹವಾಮಾನ ಬದಲಾವಣೆ ಬಗ್ಗೆ ಶಾಲೆ ಬಯಲಿನಾಗ ಒಂದು ಸಂಜಿ ಚಿತ್ರೋತ್ಸವ ಮಾಡಬೇಕಂತ ನಮ್ಮ ಯುವಕ ಸಂಘದ ವಿಚಾರ. 150 ಮಂದಿ ಬರಬಹುದು. ಯೂಟ್ಯೂಬಿನಿಂದ ಎಂಟು ಸಿನಿಮಾ ಇಳಿಸಿಕೊಂಡೇವಿ, ಎಲ್ಲಾ ಇಂಗ್ಲಿಷಿನವು. ಮಂದಿ ಕೂತು ನೋಡತಾರೇನ್ರಿ?"

ಸಂಪಾದಕರ ಉತ್ತರ:

ಎಂಟನ್ನು ನೋಡುವುದಿಲ್ಲ. ಹದಿನೈದಿಪ್ಪತ್ತು ನಿಮಿಷದ ಮೂರು ಸಾಕು. ಪ್ರತಿಯೊಂದರ ನಂತರವೂ ಅಷ್ಟೇ ಹೊತ್ತು ಮಾತಿಗೆ ಬಿಡಿ.

ಇಳಿಸಿಕೊಂಡ ಮಾತ್ರಕ್ಕೆ ಊರಿಗೆ ತೋರಿಸುವ ಹಕ್ಕು ಬರುವುದಿಲ್ಲ. ನಿರ್ಮಾಪಕರಿಗೆ ಇಮೇಲ್ ಬರೆದು ಒಪ್ಪಿಗೆ ಪಡೆಯಿರಿ; ಕನ್ನಡ ನಿರೂಪಣೆ ಸೇರಿಸುತ್ತೇವೆಂದೂ ಅದರಲ್ಲೇ ತಿಳಿಸಿ. 1952ರ ಸಿನಿಮಾಟೋಗ್ರಾಫ್ ಕಾಯ್ದೆಯಂತೆ ಸಾರ್ವಜನಿಕ ಪ್ರದರ್ಶನಕ್ಕೆ ಸೆನ್ಸಾರ್ ಪ್ರಮಾಣಪತ್ರ ಬೇಕು, ಇಲ್ಲವೇ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ವಿನಾಯಿತಿ. ಆದ್ದರಿಂದ ಪ್ರಮಾಣಪತ್ರ ಇರುವ ಚಿತ್ರಗಳನ್ನೇ ಮೊದಲು ಹುಡುಕಿ. ಧ್ವನಿವರ್ಧಕಕ್ಕೆ ಪೊಲೀಸ್ ಅನುಮತಿ ತೆಗೆದುಕೊಂಡು, ರಾತ್ರಿ 10ರೊಳಗೆ ಮುಗಿಸಿ.

ನಿಮ್ಮ ನಿಜವಾದ ತೊಡಕು ಭಾಷೆಯದು. ಸಬ್‌ಟೈಟಲ್ ಹಾಕುವುದಾದರೆ ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತ, ಯೂನಿಕೋಡ್‌ನಲ್ಲೇ ಟೈಪ್ ಮಾಡಿಸಿ. 'ನುಡಿ' ತಂತ್ರಾಂಶದ ಹಳೆಯ ಫಾಂಟಿನಲ್ಲಿ ಮಾಡಿದ್ದು ಪರದೆ ಮೇಲೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಬರುತ್ತದೆ. ಯೂನಿಕೋಡ್ ಆದರೂ ಕೆಲವು ಪ್ಲೇಯರ್‌ಗಳಲ್ಲಿ ಒತ್ತಕ್ಷರ ಕಳಚಿ ಪಕ್ಕಕ್ಕೆ ನಿಲ್ಲುತ್ತದೆ; ಅದಕ್ಕೆ ಅಕ್ಷರವನ್ನು ವಿಡಿಯೊದೊಳಗೇ ಅಚ್ಚಾಗಿಸಿ ಹೊಸ ಫೈಲ್ ಮಾಡಿಕೊಳ್ಳುವುದು ಲೇಸು. ಆದರೆ ಓದು ಬಾರದ ಅಜ್ಜಿಯರಿಗೆ ಅದರಿಂದ ಏನೂ ಸಿಗದು. ಇಂಗ್ಲಿಷ್ ಧ್ವನಿಯನ್ನು ಕೆಳಗಿಳಿಸಿ, ಒಬ್ಬರು ಮೈಕಿನಲ್ಲಿ ನಿಮ್ಮೂರ ಮಾತಿನಲ್ಲೇ ಹೇಳಲಿ. ಎಷ್ಟನೇ ನಿಮಿಷಕ್ಕೆ ಯಾವ ಮಾತು ಎಂದು ಬರೆದಿಟ್ಟುಕೊಂಡು ಎರಡು ಸಲ ತಾಲೀಮು ಮಾಡಲಿ. ಮೈಕ್ ಸ್ಪೀಕರುಗಳ ಹಿಂದಿರಬೇಕು, ಮುಂದೆ ಬಂದರೆ ಕುಂಯ್ ಎಂದು ಕಿರುಚುತ್ತದೆ.

ಪರದೆಗೆ ಧೋತರ ಕಟ್ಟಬೇಡಿ. ಬೆಳಕು ಹಿಂದಕ್ಕೆ ಸೋರುತ್ತದೆ, ಗಾಳಿಗೆ ಚಿತ್ರ ತುಯ್ದಾಡುತ್ತದೆ. ಶಾಲೆಯ ಗೋಡೆಗೇ 12 ಅಡಿ ಅಗಲ, ಏಳಡಿ ಎತ್ತರ ಸುಣ್ಣ ಬಳಿಯಿರಿ. ಕೆಳ ಅಂಚು ನೆಲದಿಂದ ನಾಲ್ಕಡಿ ಮೇಲಿರಲಿ, ಇಲ್ಲವಾದರೆ ಮುಂದೆ ಕೂತವರ ತಲೆಗಳು ಸಬ್‌ಟೈಟಲ್ ನುಂಗುತ್ತವೆ. 4000 ಲ್ಯುಮೆನ್ಸ್ (ಬೆಳಕಿನ ಅಳತೆ) ಇರುವ ಪ್ರೊಜೆಕ್ಟರ್ ಸಾಕು, ಸಾಮಾನ್ಯವಾದದ್ದು ಸುಮಾರು 18 ಅಡಿ ದೂರ ಬೇಡುತ್ತದೆ. ಲ್ಯಾಪ್‌ಟಾಪ್ ಅದರ ಪಕ್ಕದಲ್ಲೇ ಇರಲಿ. ಉದ್ದ ಎಚ್‌ಡಿಎಂಐ ಕೇಬಲ್ ಎಳೆದರೆ ಚಿತ್ರ ನಡುನಡುವೆ ಹೋಗುತ್ತದೆ. ಹೊತ್ತು ಮುಳುಗಿ ಮುಕ್ಕಾಲು ತಾಸು ಕಳೆಯದೆ ಶುರು ಮಾಡಬೇಡಿ.

ಇನ್ನು ಮಾತು. "ಸಿನಿಮಾ ಹೆಂಗಿತ್ತು" ಎಂದು ಕೇಳಿದರೆ "ಚಲೋ ಇತ್ತು" ಎಂದು ಎದ್ದು ಹೋಗುತ್ತಾರೆ. "ಈ ವರ್ಷ ಯಾರ ಮೊದಲ ಬಿತ್ತನೆ ಕೈಕೊಟ್ಟಿತು?" ಎಂದು ಕೇಳಿ. ಆಗ 2019ರ ಆಗಸ್ಟಿನ ಕೃಷ್ಣೆಗೆ ಮಹಾಪೂರ ಬಂದದ್ದೂ ಮಾತಿಗೆ ಬಂದೇ ಬರುತ್ತದೆ. ಅದನ್ನು ಪೂರಾ ಹವಾಮಾನ ಬದಲಾವಣೆಯ ತಲೆಗೆ ಕಟ್ಟಬೇಡಿ: ಘಟ್ಟದ ಮಳೆ, ಅಣೆಕಟ್ಟುಗಳಿಂದ ಬಿಟ್ಟ ನೀರು ಎಲ್ಲವೂ ಅದರಲ್ಲಿ ಸೇರಿತ್ತು. ಗಾಳಿ ಒಂದು ಡಿಗ್ರಿ ಕಾದರೆ ಸುಮಾರು 7% ಹೆಚ್ಚು ನೀರಾವಿ ಹಿಡಿಯಬಲ್ಲದು, ಹಾಗಾಗಿ ಜೋರು ಮಳೆ ಇನ್ನಷ್ಟು ಜೋರಾಗುತ್ತದೆ ಎಂಬಷ್ಟನ್ನು ಧೈರ್ಯವಾಗಿ ಹೇಳಿ. ನಿಮ್ಮ ಹೋಬಳಿಯ ಹತ್ತು ವರ್ಷದ ಮಳೆ ಲೆಕ್ಕವನ್ನು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಕೇಳಿ ತರಿಸಿ, ಕರಿಹಲಗೆಯ ಮೇಲೆ ದೊಡ್ಡದಾಗಿ ಬರೆದಿಡಿ. ರೈತರೇ ದುಡ್ಡು ಹಾಕಿ ಕೃಷ್ಣೆಗೆ ಚಿಕ್ಕಪಡಸಲಗಿ ಬ್ಯಾರೇಜ್ ಕಟ್ಟಿದ ತಾಲ್ಲೂಕು ನಿಮ್ಮದು. ಆ 1989ರ ಕೆಲಸಕ್ಕೆ ಹೋಗಿದ್ದ ಹಿರಿಯರು ಊರಲ್ಲಿದ್ದರೆ, ಮೊದಲ ಮೈಕ್ ಅವರ ಕೈಗೆ ಕೊಡಿ.